ಸಗಟು ದರದ ಮುಪ್ಪು

ಲೋಕದ ಮೇಲೆ ಸ್ಟೋರ್ ಮಾವನಿಗಿದ್ದ ದೂರು ಒಂದೇ: ಜನ ಯಾವುದನ್ನೂ ಬೇಕಾಗುವುದಕ್ಕೆ ಮುಂಚೆ ಕೊಂಡಿಡುವುದಿಲ್ಲ. ಮಳೆ ಬಂದ ಮೇಲೆ ಛತ್ರಿ ಅಂಗಡಿಗೆ ಓಡುತ್ತಾರೆ, ಬಲ್ಬು ಸುಟ್ಟ ಮೇಲೆ ಕತ್ತಲಲ್ಲಿ ತಡಕಾಡುತ್ತಾರೆ, ಕೆನ್ನೆ ಊದಿಕೊಳ್ಳುವ ತನಕ ಹಲ್ಲಿನ ಡಾಕ್ಟರ ಮುಖ ನೋಡುವುದಿಲ್ಲ. ಮಾವ ಅಂಥವರಲ್ಲ. ಯಂತ್ರದ ಬಿಡಿಭಾಗಗಳ ಉಗ್ರಾಣವೊಂದನ್ನು ಮೂವತ್ತನಾಲ್ಕು ವರ್ಷ ಆಳಿದವರು (ನೋಡಿಕೊಂಡವರು ಎಂದರೆ ಅವರಿಗೆ ಸಿಟ್ಟು ಬರುತ್ತದೆ). ಅವರ ಆಳ್ವಿಕೆಯಲ್ಲಿ ಒಂದು ಬೋಲ್ಟು ಇಲ್ಲವೆಂದು ಫ್ಯಾಕ್ಟರಿಯ ಒಂದು ಯಂತ್ರವೂ ಒಂದು ಗಳಿಗೆ ನಿಂತದ್ದಿಲ್ಲ. ನಿವೃತ್ತರಾದ ದಿನ ಫ್ಯಾಕ್ಟರಿಯವರು ಒಂದು ಗೋಡೆ ಗಡಿಯಾರ ಕೊಟ್ಟು ಕೈಕುಲುಕಿದರು. ಮಾವ ಮನೆಗೆ ಬರುವ ದಾರಿಯಲ್ಲೇ ಅದಕ್ಕೆ ನಾಲ್ಕು ಡಜನ್ ಸೆಲ್ ಕೊಂಡರು. ಗಡಿಯಾರ ಮೂರನೇ ವರ್ಷಕ್ಕೆ ಕೆಟ್ಟುಹೋಯಿತು, ಸೆಲ್ಲುಗಳು ಇನ್ನೂ ಇವೆ.

ಬೀದಿಯವರೆಲ್ಲ ಅವರನ್ನು ಸ್ಟೋರ್ ಮಾವ ಎಂದರೆ ಅವರ ಹೆಂಡತಿಯನ್ನು ಹೊಲಿಗೆ ಅತ್ತೆ ಎನ್ನುತ್ತಿದ್ದರು. ಅತ್ತೆ ಮನೆಯ ಹಾಲಿನ ಕಿಟಕಿಯ ಪಕ್ಕ ಮೆಷಿನ್ನು ಹಾಕಿಕೊಂಡು ಬೀದಿಯ ಅರ್ಧ ಜನರ ಅಂಗಿ, ಪರದೆ, ದಿಂಬಿನ ಚೀಲ ಎಲ್ಲ ಹೊಲಿದುಕೊಡುತ್ತಿದ್ದರು. ಎರಡು ವರ್ಷದಿಂದ ಅವರ ಕಣ್ಣಿಗೆ ಪೊರೆ ಬಂದಿತ್ತು. ಹಬೆ ಹಿಡಿದ ಕನ್ನಡಿಯಲ್ಲಿ ನೋಡಿದ ಹಾಗೆ ಎಲ್ಲವೂ ಮಸುಕು. ಸೂಜಿಗೆ ದಾರ ಪೋಣಿಸುವ ಕೆಲಸ ಮಾವನ ಪಾಲಿಗೆ ಬಿದ್ದಿತ್ತು; ಅವರು ಬೆಳಿಗ್ಗೆ ಎದ್ದವರೇ ದಿನದ ಕೋಟಾ ಇಪ್ಪತ್ತು ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿಡುತ್ತಿದ್ದರು. ಆದರೂ ಎಡವಟ್ಟು ತಪ್ಪುತ್ತಿರಲಿಲ್ಲ. ಎದುರುಮನೆಯ ಗುಮಾಸ್ತನ ಪ್ಯಾಂಟಿನ ಎರಡೂ ಜೇಬಿನ ಬಾಯಿಯನ್ನು ಅತ್ತೆ ಗಟ್ಟಿಯಾಗಿ ಹೊಲಿದುಕೊಟ್ಟಿದ್ದರು. ಅವನು ತಿಂಗಳ ಕೊನೆಗೆ ಬಂದು, ಈ ಸಲ ಸಂಬಳ ಉಳಿಯಿತು ಎಂದು ಥ್ಯಾಂಕ್ಸ್ ಹೇಳಿ ಹೋದ.

ಕಣ್ಣಿನ ಡಾಕ್ಟರು ಮಾತ್ರ ನಗಲಿಲ್ಲ. "ಇನ್ನು ಮುಂದಕ್ಕೆ ಹಾಕ್ಬೇಡಿ ಅಮ್ಮ. ಪೊರೆ ಗಟ್ಟಿಯಾಗ್ತಾ ಇದೆ, ಆಮೇಲೆ ನಂಗೂ ಕಷ್ಟ ನಿಮಗೂ ಕಷ್ಟ" ಎಂದು ಮುಂದಿನ ತಿಂಗಳ ಇಪ್ಪತ್ತೊಂದಕ್ಕೆ ಬಲಗಣ್ಣಿನ ಆಪರೇಷನ್ ಗೊತ್ತುಮಾಡಿದರು. ಫ್ಯಾಕ್ಟರಿಯ ವಿಮೆ ಮಾವನ ಜೊತೆಗೇ ನಿವೃತ್ತಿಯಾಗಿತ್ತು. ಪಕ್ಕದ ಊರಿನಲ್ಲಿದ್ದ ಮಗಳು ತಾನೇ ಖರ್ಚು ಕೊಡುತ್ತೇನೆಂದಳು. ಅತ್ತೆ ಸುತರಾಂ ಒಪ್ಪಲಿಲ್ಲ.

"ನನ್ನ ಕಣ್ಣು ಸವೆದಿದ್ದು ಹೊಲಿಗೆಯಿಂದ. ರಿಪೇರಿನೂ ಹೊಲಿಗೆ ದುಡ್ಡಲ್ಲೇ ಆಗ್ಲಿ. ಎರಡು ವರ್ಷದಿಂದ ಅದಕ್ಕೇ ಅಂತ ಕೂಡಿಟ್ಟಿದ್ದೀನಿ" ಎಂದರು.

ಆ ದುಡ್ಡು ಬ್ಯಾಂಕಿನಲ್ಲಿ ಇಬ್ಬರ ಹೆಸರಿನಲ್ಲಿತ್ತು. ಅನಾಹುತಕ್ಕೆ ಅಷ್ಟೇ ಸಾಕಾಯಿತು.

ಡಾಕ್ಟರ ಆಸ್ಪತ್ರೆಯ ಪಕ್ಕದ ಅಂಗಡಿಸಾಲಿನಲ್ಲೇ ರೋಗಿಗಳ ಸಾಮಾನು ಮಾರುವ ಒಂದು ಮಳಿಗೆಯಿತ್ತು. ಅತ್ತೆಯ ಕಣ್ಣಿಗೆ ಹಾಕುವ ಹನಿ ತರಲು ಹೋದ ಮಾವ ಅದರ ಬಾಗಿಲಲ್ಲಿ ತೂಗುಹಾಕಿದ್ದ ಬೋರ್ಡು ನೋಡಿ ನಿಂತರು: 'ಅಂಗಡಿ ಮುಚ್ಚುತ್ತಿದ್ದೇವೆ. ಅರ್ಧಕ್ಕಿಂತ ಕಡಿಮೆ ಬೆಲೆ.' ಈ ಮಾತು ಕೇಳಿದರೆ ಮಾವನ ಕಿವಿ ನೆಟ್ಟಗಾಗುತ್ತದೆ, ಕಾಲು ತಾನಾಗಿ ಒಳಗೆ ಹೋಗುತ್ತದೆ.

"ಒಂದು ವಾಕಿಂಗ್ ಸ್ಟಿಕ್ ಎಷ್ಟು?" ಎಂದು ಕೇಳಿದರು.

ಅಂಗಡಿಯವನು ಮನುಷ್ಯರನ್ನು ತೂಗಿ ನೋಡಬಲ್ಲವನು. "ಬಿಡಿಯಾಗಿ ಕೊಡಲ್ಲ ಸಾರ್. ತಗೊಂಡ್ರೆ ಇಡೀ ಲಾಟು. ಇಂಥಾ ರೇಟು ನಿಮ್ಮ ಆಯುಷ್ಯದಲ್ಲಿ ಸಿಗಲ್ಲ. ಆದ್ರೆ ಬೇಡ ಬಿಡಿ, ಇದೆಲ್ಲ ಮುಂದಾಲೋಚನೆ ಇರೋರಿಗೆ" ಎಂದ.

ಮುಂದಾಲೋಚನೆ! ಮೂವತ್ತನಾಲ್ಕು ವರ್ಷ ಅದನ್ನೇ ಉಂಡು ಅದನ್ನೇ ಹೊದ್ದು ಮಲಗಿದವರಿಗೆ ಈ ಮಾತೇ? ಮಾವ ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದರು. ಮುಪ್ಪು ಬರುವುದಂತೂ ಖಂಡಿತ. ಬಂದಾಗ ಗಾಬರಿಯಲ್ಲಿ ಓಡಿಹೋಗಿ ದುಪ್ಪಟ್ಟು ಕೊಟ್ಟು ಕೊಳ್ಳುವುದಕ್ಕಿಂತ ಈಗಲೇ ಸಗಟು ದರದಲ್ಲಿ ಕೊಂಡು ಒಳಗಿಟ್ಟರೆ? ಅರ್ಧ ಸಾಮಾನು ನಮಗೆ, ನೆಂಟರಿಗೆ. ಉಳಿದರ್ಧ ಬೀದಿಯವರಿಗೆ ನ್ಯಾಯವಾದ ಲಾಭಕ್ಕೆ ಮಾರಿದರೆ ಹಾಕಿದ ದುಡ್ಡು ಹದಿನೈದು ದಿನದಲ್ಲಿ ವಾಪಸ್ಸು. ಆಪರೇಷನ್ನಿಗೆ ಇನ್ನೂ ಐದು ವಾರ ಇದೆ. ಅಲ್ಲಿಯ ತನಕ ಇವಳ ದುಡ್ಡು ಬ್ಯಾಂಕಿನಲ್ಲಿ ಸುಮ್ಮನೆ ಮಲಗಿರುವ ಬದಲು ನಾಲ್ಕು ಹೆಜ್ಜೆ ನಡೆದಾಡಿ ಬರಲಿ. ಹೀಗೆ ಯೋಚಿಸಿ ಎದ್ದವರು ನೆಟ್ಟಗೆ ಬ್ಯಾಂಕಿಗೆ ಹೋದರು.

ಮರುದಿನ ಅತ್ತೆ ಪರದೆಗಳ ಗಂಟು ಹಿಡಿದು ಯಾರದೋ ಮನೆಗೆ ಹೋಗಿದ್ದಾಗ ವ್ಯಾನು ಬಂತು. ಮೂರು ಗಾಲಿಕುರ್ಚಿ, ಒಂಬತ್ತು ವಾಕರು, ಹದಿನೆಂಟು ಊರುಗೋಲು, ನಾಲ್ಕು ಕಮೋಡ್ ಕುರ್ಚಿ, ಎರಡು ಡಜನ್ ಬೆಡ್‌ಪ್ಯಾನು, ಸೊಂಟದ ಪಟ್ಟಿಗಳ ಒಂದು ಪೆಟ್ಟಿಗೆ, ತಿರುಗಿಸಿದರೆ ತಲೆದೆಸೆ ಮೇಲೇಳುವ ಒಂದು ಕಬ್ಬಿಣದ ಮಂಚ. ಎಲ್ಲ ಇಳಿಸಿದ ಮೇಲೆ ಮನೆಯಲ್ಲಿ ಉಳಿದದ್ದು ಮಾವ ನಿಲ್ಲುವಷ್ಟು ಜಾಗ. ಆಗ ಅವರಿಗೆ ಮೊದಲ ಬಾರಿಗೆ ಹೆಂಡತಿಯ ನೆನಪು ಬಂತು. ಅವಳಿಗೆ ಹೇಳಿರಲಿಲ್ಲ! ದುಡ್ಡು ಗುಟ್ಟಾಗಿ ಹೋಗಿ ಗುಟ್ಟಾಗಿ ಬರಬೇಕೆಂಬುದು ಯೋಜನೆಯ ಭಾಗವಾಗಿತ್ತು.

ಅತ್ತೆಗೆ ಕಣ್ಣು ಮಂಜಲ್ಲವೇ ಎಂಬ ಧೈರ್ಯದ ಮೇಲೆ ಮಾವ ಸಿಕ್ಕಿದ್ದಕ್ಕೆಲ್ಲ ಬೆಡ್‌ಶೀಟು ಹೊದಿಸಿದರು. ಆದರೆ ಅತ್ತೆ ಎರಡು ವರ್ಷದಿಂದ ಮನೆಯನ್ನು ಕೈಯಿಂದ ನೋಡುತ್ತಿದ್ದವರು. ಹೊಸಿಲು ದಾಟಿ ಮೂರನೇ ಹೆಜ್ಜೆಗೆ ಮೊಣಕಾಲು ಹೊಡೆಸಿಕೊಂಡರು.

"ಅಮ್ಮಾ! ಇದೇನ್ರೀ ದಾರೀಲಿ?"

"ಸೈಕಲ್ಲು."

"ಸೈಕಲ್ಲಿಗೆ ಸೀಟು ಇಷ್ಟು ಅಗಲ ಇರುತ್ತಾ?"

"ಹೊಸಾ ಮಾಡೆಲ್ಲು ಕಣೇ. ಈಗಿನೋರು ದಪ್ಪ ಇರ್ತಾರಲ್ಲ."

"ಯಾರದು?"

"ಸ್ನೇಹಿತರದು. ನಾಲ್ಕು ದಿನ ಇಟ್ಕೊಳ್ಳಿ ಅಂದ್ರು."

ಅತ್ತೆ ಗೊಣಗುತ್ತಾ ಮುಂದೆ ಹೋಗಿ, ಕೈಗೆ ಸಿಕ್ಕಿದ ಕುರ್ಚಿಯೊಂದನ್ನು ಎಳೆದುಕೊಂಡು ಮೆಷಿನ್ನಿನ ಮುಂದೆ ಕೂತರು. ಕೂತವರು ಒಮ್ಮೆ ಅತ್ತಿತ್ತ ಹೊರಳಿ ನೋಡಿದರು. "ಕುರ್ಚಿ ತಂದ್ರಾ? ಪರವಾಗಿಲ್ಲ, ಕೈ ಇಡೋಕೆ ಚೆನ್ನಾಗಿದೆ. ಅದ್ಯಾಕೆ ಮಧ್ಯೆ ಮುಚ್ಚಳ ಇದೆ?"

"ಒಳಗೆ ಬಟ್ಟೆ ತುಂಡು ಹಾಕ್ಕೊಳ್ಳೋಕೆ" ಎಂದರು ಮಾವ. ಹೇಳಿದ ಮೇಲೆ ತಮ್ಮ ಜಾಣತನಕ್ಕೆ ತಾವೇ ತಲೆದೂಗಿದರು. ಅತ್ತೆಗೂ ಖುಷಿಯಾಯಿತು. ಗಂಡ ಇಷ್ಟು ವರ್ಷಕ್ಕೆ ಒಂದು ಸಲ ತನಗೆ ಬೇಕಾದದ್ದನ್ನು ತಂದನಲ್ಲ ಎಂದು ಒಂದು ಲೋಟ ಚಹಾ ಹೆಚ್ಚಿಗೆ ಮಾಡಿಕೊಟ್ಟರು.

ಭಾನುವಾರ ಮಗಳು ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳು ಒಂದು ಕಾಲಿನ ಚಪ್ಪಲಿಯಲ್ಲೇ ನಿಂತುಬಿಟ್ಟಳು.

"ಅಮ್ಮಾ, ಯಾಕಮ್ಮ ಕಮೋಡ್ ಮೇಲೆ ಕೂತ್ಕೊಂಡು ಹೊಲೀತಿದೀಯ?"

ಮೆಷಿನ್ನು ನಿಂತಿತು. ಅತ್ತೆ ನಿಧಾನವಾಗಿ ಎದ್ದು, ಕೂತಿದ್ದ ಕುರ್ಚಿಯ ಮುಚ್ಚಳ ತೆಗೆದು, ಒಳಗೆ ಕೈ ಹಾಕಿ, ವಾರದಿಂದ ಒಪ್ಪವಾಗಿ ಮಡಚಿ ಹಾಕಿದ್ದ ಬಟ್ಟೆ ತುಂಡುಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ಆಮೇಲೆ ಬೆಡ್‌ಶೀಟುಗಳ ಸರದಿ. ಮಗಳು ಎಳೆಯುತ್ತಾ ಹೋದಳು, ಹೆಸರು ಹೇಳುತ್ತಾ ಹೋದಳು. "ವೀಲ್‌ಚೇರು. ಇನ್ನೊಂದು ವೀಲ್‌ಚೇರು. ವಾಕರ್, ವಾಕರ್, ವಾಕರ್... ಅಪ್ಪಾ, ನಮ್ಮನೇಲಿ ಯಾರಿಗೆ ಏನಾಗಿದೆ?"

"ಆಗೋಕೆ ಮುಂಚೆನೇ ತಂದಿದ್ದು ಕಣಮ್ಮ" ಎಂದರು ಮಾವ.

"ದುಡ್ಡು?" ಎಂದರು ಅತ್ತೆ. ಒಂದೇ ಮಾತು.

ಮಾವ ಸುಳ್ಳು ಹೇಳಬಹುದಿತ್ತು. ಆದರೆ ಉಗ್ರಾಣದವನಿಗೆ ದಾಸ್ತಾನಿನ ವಿಷಯದಲ್ಲಿ ಸುಳ್ಳು ಬಾಯಿಗೆ ಬರುವುದಿಲ್ಲ. ಎಲ್ಲವನ್ನೂ ಹೇಳಿಬಿಟ್ಟರು. ಅತ್ತೆ ಕೂಗಾಡುತ್ತಾರೆ ಎಂದುಕೊಂಡಿದ್ದರು, ಕೂಗಾಡಲಿಲ್ಲ. ಮಬ್ಬು ಕಣ್ಣನ್ನು ಇವರ ಕಡೆಗೆ ತಿರುಗಿಸಿ (ಸ್ವಲ್ಪ ಪಕ್ಕಕ್ಕೆ, ಮಂಚದ ಕಡೆಗೆ) ಹೇಳಿದರು: "ಇನ್ನೂ ಬರದೇ ಇರೋ ಕಾಯಿಲೆಗಳಿಗೆಲ್ಲ ಸಾಮಾನು ತಂದ್ರಿ. ಅದೂ ಬಂದಿರೋ ಕಾಯಿಲೆಗೆ ಅಂತ ಇಟ್ಟಿದ್ದ ದುಡ್ಡು ಕೊಟ್ಟು ತಂದ್ರಿ. ನಿಮ್ಮಂಥ ಬುದ್ಧಿವಂತರನ್ನ ನಾನು ನೋಡಿಲ್ಲ ಅನ್ನೋಣ ಅಂದ್ರೆ, ನನಗೆ ಈಗ ಏನೂ ಕಾಣಲ್ಲ."

ಮಗಳು ಮತ್ತೆ ತಾನು ಕೊಡುತ್ತೇನೆಂದಳು. "ಬೇಡ" ಎಂದರು ಅತ್ತೆ. "ಯಾರು ಕಳೆದ್ರೋ ಅವರೇ ತರ್ಲಿ. ಇಪ್ಪತ್ತೊಂದನೇ ತಾರೀಖಿನೊಳಗೆ. ಇಲ್ಲದಿದ್ರೆ ನಾನು ಕುರುಡಿಯಾಗೇ ಇರ್ತೀನಿ, ಅವರು ಜೀವಮಾನ ಪೂರ್ತಿ ಸೂಜಿ ಪೋಣಿಸ್ತಾ ಕೂತಿರ್ಲಿ."

ಅಂಗಡಿಯವನು ಬೀಗ ಜಡಿದು ಯಾವ ಊರಿಗೆ ಹೋದನೋ ಯಾರಿಗೂ ಗೊತ್ತಿರಲಿಲ್ಲ. ಮಾವ ಮಾರಾಟಕ್ಕೆ ಹೊರಟರು. ಮೊದಲ ಗಿರಾಕಿಯಾಗಿ ಆರಿಸಿಕೊಂಡದ್ದು ಮೂಲೆಮನೆಯ ನಿವೃತ್ತ ಹೆಡ್‌ಮೇಷ್ಟ್ರನ್ನು. ವಯಸ್ಸು ಎಪ್ಪತ್ತೆಂಟು, ದಿನಾ ಬೆಳಿಗ್ಗೆ ಅಂಗಳದಲ್ಲಿ ಕೈಕಾಲು ಬೀಸಿ ವ್ಯಾಯಾಮ ಮಾಡುವವರು. ಮಾವ ಹೊಳೆಯುವ ವಾಕರೊಂದನ್ನು ಮುಂದೆ ಹಿಡಿದುಕೊಂಡು ಗೇಟಿನೊಳಗೆ ಹೋಗಿ, "ನಿಮ್ಮನ್ನ ನೋಡಿದ ತಕ್ಷಣ ನಿಮಗೇ ಅಂತ ಇದನ್ನ ಎತ್ತಿಟ್ಟೆ ಮೇಷ್ಟ್ರೇ" ಎಂದರು.

ಮೇಷ್ಟ್ರ ಪಿತ್ತ ನೆತ್ತಿಗೇರಿತು. "ನನಗಾ? ನನಗೇನ್ರೀ ಆಗಿದೆ? ನಿಮಗಿಂತ ಗಟ್ಟಿ ಇದೀನಿ! ಓಡ್ತೀರಾ ನನ್ನ ಜೊತೆ? ಓಡಿ ನೋಡೋಣ!" ಎಂದು ಅಂಗಳದ ತುಂಬ ಅಟ್ಟಿಸಿಕೊಂಡು ಬಂದರು. ಮೇಷ್ಟ್ರು ಸುಳ್ಳು ಹೇಳುವವರಲ್ಲ. ಗೇಟು ತಲುಪುವಷ್ಟರಲ್ಲಿ ಮಾವನನ್ನು ಹಿಡಿದೇಬಿಟ್ಟಿದ್ದರು.

ಮುಂದಿನ ಮನೆಯಲ್ಲಿ ಸೊಸೆ ಆಸೆಯಿಂದ ಗಾಲಿಕುರ್ಚಿಯ ಬೆಲೆ ಕೇಳಿದಳು. ಒಳಗಿನಿಂದ ಅವಳ ಅತ್ತೆಯ ದನಿ ಬಂತು: "ಓಹೋ, ನನ್ನ ಕೂರಿಸೋಕೆ ಕುರ್ಚಿ ನೋಡ್ತಿದೀಯೇನೇ?" ಆ ಮನೆಯಲ್ಲಿ ಎರಡು ದಿನ ಒಲೆ ಹೊತ್ತಲಿಲ್ಲವಂತೆ. ಮೂರನೇ ಮನೆಯವರು ಬಾಗಿಲೇ ತೆಗೆಯಲಿಲ್ಲ. ವಾರ ಕಳೆಯುವಷ್ಟರಲ್ಲಿ ಬೀದಿಯಲ್ಲಿ ಐವತ್ತು ದಾಟಿದವರೆಲ್ಲ ಮಾವನನ್ನು ಕಂಡರೆ ಬೆನ್ನು ನೆಟ್ಟಗೆ ಮಾಡಿಕೊಂಡು ದಾಪುಗಾಲು ಹಾಕಿ ಮಾಯವಾಗತೊಡಗಿದರು. ಬೀದಿಯ ಆರೋಗ್ಯ ಅಷ್ಟು ಚೆನ್ನಾಗಿ ಎಂದೂ ಇದ್ದದ್ದಿಲ್ಲ.

ಮೂರು ವಾರ ಉಳಿಯಿತು. ಮಾರಾಟವಾದದ್ದು ಒಂದು ಬೆಡ್‌ಪ್ಯಾನು, ಅದೂ ಗುಮಾಸ್ತನ ಹೆಂಡತಿ ಹೂಗಿಡ ನೆಡಲು ಕೊಂಡದ್ದು. ಮಾವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಅತ್ತೆ ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ. ಅವರು ಬೈಯದೆ ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗಿ ಸಕ್ಕರೆಯೆಂದು ಉಪ್ಪು ಹಾಕಿದ ಚಹಾ ತಂದುಕೊಟ್ಟರು. ಮಾವ ಕೊನೆಯ ಗುಟುಕಿನ ತನಕ ಕುಡಿದರು. ಎಂಥಾ ಕೆಲಸ ಮಾಡಿಬಿಟ್ಟೆ ಎಂದು ಆಗ ಅವರ ಕಣ್ಣಲ್ಲಿ ನೀರು ಬಂತು. ಉಪ್ಪಿನಿಂದ ಎಂದು ತಮಗೆ ತಾವೇ ಹೇಳಿಕೊಂಡರು.

ಆ ಮಧ್ಯಾಹ್ನವೇ ಎದುರುಮನೆಯ ಗುಮಾಸ್ತ ಗೋಡೆ ಹಿಡಿದುಕೊಂಡು ಒಂಟಿಕಾಲಲ್ಲಿ ಕುಂಟುತ್ತಾ ಬಂದ. ಮೆಟ್ಟಿಲು ತಪ್ಪಿ ಕಾಲು ಉಳುಕಿತ್ತು.

"ಮಾವ, ಒಂದು ವಾಕರ್ ಕೊಡ್ತೀರಾ? ಎರಡೇ ದಿನಕ್ಕೆ."

"ಮಾರಾಟಕ್ಕೆ ಮಾತ್ರ" ಎಂದರು ಮಾವ ಬಿಗಿಯಾಗಿ.

"ಕೊಂಡ್ಕೊಂಡು ಏನ್ಮಾಡ್ಲಿ? ನನಗೇನು ವಯಸ್ಸಾಗಿದೆಯಾ? ಎರಡು ದಿನ ಆದ್ರೆ ಸರಿಹೋಗತ್ತೆ." ಗುಮಾಸ್ತ ತಿರುಗಿ ಹೊರಟ.

"ನಿಲ್ಲಪ್ಪ" ಎಂದರು ಅತ್ತೆ ಮೆಷಿನ್ನಿನ ಹಿಂದಿನಿಂದ. "ಬಾಡಿಗೆಗೆ ತಗೊಂಡು ಹೋಗು. ದಿನಕ್ಕೆ ಇಷ್ಟು ಅಂತ."

ಅವನು ಹೋದ ಮೇಲೆ ಮಾವ ಗೊಣಗಿದರು. "ಎರಡು ದಿನದ ಪುಡಿಗಾಸಿಗೆ ಹೊಸಾ ಮಾಲು ಹಾಳು!"

"ನಿಮಗೆ ಸಾಮಾನು ಗೊತ್ತು, ಜನ ಗೊತ್ತಿಲ್ಲ" ಎಂದರು ಅತ್ತೆ. "ಕೊಂಡ್ಕೊಂಡ್ರೆ ಮುದುಕರಾದ್ವಿ ಅಂತ ಒಪ್ಕೊಂಡ ಹಾಗೆ. ಯಾರು ಒಪ್ತಾರೆ? ಬಾಡಿಗೆಗೆ ಅಂದ್ರೆ ನಾಳೆ ವಾಪಸ್ ಕೊಟ್ಟುಬಿಡ್ತೀವಿ ಅಂತ ಧೈರ್ಯ. ಎಲ್ಲರೂ ಎರಡೇ ದಿನ ಅಂತಾರೆ. ಯಾರು ವಾಪಸ್ ಕೊಡ್ತಾರೆ ನೋಡ್ತಿರಿ."

ಹಾಗೆಯೇ ಆಯಿತು. ಗುಮಾಸ್ತನ ಕಾಲು ವಾರದಲ್ಲಿ ವಾಸಿಯಾಯಿತು, ಆದರೆ ವಾಕರನ್ನು ಅವನ ತಾಯಿ ಬಿಟ್ಟುಕೊಡಲಿಲ್ಲ. ಹಿಂದಿನ ಬೀದಿಯವರು ಮಂಚವನ್ನು 'ನಾಲ್ಕು ದಿನಕ್ಕೆ' ಒಯ್ದು, ಅಜ್ಜ ಅದರಲ್ಲಿ ಕೂತು ಪೇಪರು ಓದಲು ಕಲಿತ ಮೇಲೆ ಇಳಿಯಲೇ ಒಪ್ಪುವುದಿಲ್ಲ ಎಂದು ಹೇಳಿಕಳಿಸಿದರು. ಬೆಲೆ ಕೇಳಿದ ತಪ್ಪಿಗೆ ಉಪವಾಸ ಬಿದ್ದ ಸೊಸೆಯ ಅತ್ತೆ ತಾವೇ ಬಂದು, ಸೊಸೆಗೆ ಗೊತ್ತಾಗುವುದು ಬೇಡವೆಂದು ಹೇಳಿ ಕುರ್ಚಿ ಗೊತ್ತುಮಾಡಿದರು (ಬಾಡಿಗೆ ಮಾತ್ರ ಸೊಸೆಯ ಹತ್ತಿರವೇ ಈಸಿಕೊಳ್ಳಬೇಕಂತೆ). ಒಂದು ಸಂಜೆ ಹೆಡ್‌ಮೇಷ್ಟ್ರೂ ಬಂದರು. ಹೊರಗೂರಿನ ನೆಂಟರೊಬ್ಬರಿಗೆ ಒಂದು ಊರುಗೋಲು ಬೇಕು ಎಂದರು.

"ನೆಂಟರ ಎತ್ತರ ಎಷ್ಟು ಮೇಷ್ಟ್ರೇ?" ಎಂದು ಕೇಳಿದರು ಅತ್ತೆ.

"ಹೆಚ್ಚೂಕಮ್ಮಿ ನನ್ನಷ್ಟೇ" ಎಂದು ಮೇಷ್ಟ್ರು ಆಕಾಶ ನೋಡಿದರು. ಊರುಗೋಲನ್ನು ಪೇಪರಿನಲ್ಲಿ ಸುತ್ತಿಸಿಕೊಂಡು, ಕಂಕುಳಲ್ಲಿ ಇರುಕಿಕೊಂಡು, ನೆಟ್ಟಗೆ ನಡೆದುಹೋದರು. ತಿರುವಿನಲ್ಲಿ ಪೇಪರು ಬಿಚ್ಚುವ ಸದ್ದು ಕೇಳಿಸಿತು.

ಅತ್ತೆಯದು ಯಜಮಾನಿಕೆ, ಮಾವನದು ಸಾಗಾಣಿಕೆ. ಉಗ್ರಾಣವನ್ನು ಆಳಿದವರು ಈಗ ಗಾಲಿಕುರ್ಚಿ ತಳ್ಳಿಕೊಂಡು ಮನೆಮನೆಗೆ ಹೋಗಿ ಇಳಿಸಿ ಬರುತ್ತಿದ್ದರು, ಬಾಡಿಗೆ ತಂದು ಅತ್ತೆಯ ಅಂಗೈಗೆ ಹಾಕುತ್ತಿದ್ದರು. ಬಿಸಿಲಿನಲ್ಲಿ ಉಸಿರು ಕಟ್ಟಿದರೂ ಒಂದು ದಿನವೂ ಬಿಡಲಿಲ್ಲ. ಯಾರಾದರೂ "ಮಾವ, ಸ್ವಲ್ಪ ಕೂತ್ಕೊಳ್ಳಿ" ಎಂದರೆ, "ಇಪ್ಪತ್ತೊಂದು ಆಗ್ಲಿ, ಆಮೇಲೆ ಕೂರ್ತೀನಿ" ಎನ್ನುವರು. ಮುಂಗಡ, ಬಾಡಿಗೆ ಎಲ್ಲ ಸೇರಿ ಹತ್ತೊಂಬತ್ತನೇ ತಾರೀಖು ದುಡ್ಡು ಪೂರ್ತಿಯಾಯಿತು. ಅತ್ತೆ ಮೂರು ಸಲ ತಡವಿ ನೋಡಿ, "ಸರಿಯಾಗಿದೆ" ಎಂದರು. ಒಂದು ತಿಂಗಳಲ್ಲಿ ಅವರು ಗಂಡನಿಗೆ ಹೇಳಿದ ಮೊದಲ ಒಳ್ಳೆಯ ಮಾತು ಅದು.

ಇಪ್ಪತ್ತೊಂದಕ್ಕೆ ಆಪರೇಷನ್ ಸುಸೂತ್ರವಾಗಿ ಆಯಿತು. ಮರುದಿನ ಬೆಳಿಗ್ಗೆ ಕಣ್ಣಿನ ಪಟ್ಟಿ ಬಿಚ್ಚಲು ಕರೆದರು. ಮಾವ ಅತ್ತೆಯ ತೋಳು ಹಿಡಿದು, ಒಂದೊಂದು ಮೆಟ್ಟಿಲಿಗೂ "ಹುಷಾರು, ಹುಷಾರು" ಎನ್ನುತ್ತಾ ಕರೆದೊಯ್ದರು. ಡಾಕ್ಟರು ಪಟ್ಟಿ ತೆಗೆದು, ಕಣ್ಣು ಒರೆಸಿ, ಗೋಡೆಯ ಮೇಲಿನ ಅಕ್ಷರ ಓದಿ ಎಂದರು. ಅತ್ತೆ ಮೇಲಿನ ದಪ್ಪ ಸಾಲಿನಿಂದ ಹಿಡಿದು ಕೆಳಗಿನ ಇರುವೆ ಸಾಲಿನ ತನಕ ಸರಸರ ಓದಿ, ಅದರ ಕೆಳಗೆ ಅಚ್ಚು ಹಾಕಿದವರ ವಿಳಾಸವನ್ನೂ ಓದಿಬಿಟ್ಟರು.

"ಭೇಷ್!" ಎಂದರು ಡಾಕ್ಟರು.

ಮಾವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಎರಡು ವರ್ಷದ ಮೇಲೆ ಹೆಂಡತಿ ತನ್ನನ್ನು ಸರಿಯಾಗಿ ನೋಡುತ್ತಾಳೆ ಎಂದು ಅವರು ಆ ದಿನ ಗಡ್ಡ ಕೆರೆದು, ಅತ್ತೆಯೇ ಹಿಂದೆ ಹೊಲಿದುಕೊಟ್ಟಿದ್ದ ನೀಲಿ ಅಂಗಿ ಹಾಕಿಕೊಂಡು ಬಂದಿದ್ದರು. ಬೆನ್ನು ನೆಟ್ಟಗೆ ಮಾಡಿಕೊಂಡು ಎದುರು ಬಂದು ನಿಂತರು. ಅತ್ತೆ ನೋಡಿದರು. ನೋಡುತ್ತಲೇ ಇದ್ದರು. ಅವರ ಮುಖದ ನಗು ನಿಧಾನವಾಗಿ ಇಳಿಯಿತು.

"ಡಾಕ್ಟ್ರೇ," ಎಂದರು ಗಾಬರಿಯಿಂದ, "ಇವರಿಗೇನಾಗಿದೆ?"

ಡಾಕ್ಟರು ತಿರುಗಿ ಮಾವನನ್ನು ನೋಡಿ, "ಏನೂ ಆಗಿಲ್ವಲ್ಲಮ್ಮ. ಅವರು ಬರ್ತಾ ಇದ್ದಿದ್ದೇ ಹೀಗೆ" ಎಂದರು.

"ಇಲ್ಲ, ಇಲ್ಲ. ನಾನು ಕೊನೇ ಸಲ ನೋಡ್ದಾಗ ಇವರಿಗೆ ಕುತ್ತಿಗೆ ಇತ್ತು. ರೀ, ಇಲ್ಲಿ ಬನ್ನಿ." ಅತ್ತೆ ಎದ್ದು ಬಂದು, ದರ್ಜಿಯ ಎರಡು ಬೆರಳಿನಿಂದ ಅಂಗಿಯ ಭುಜದ ಹೊಲಿಗೆ ಹಿಡಿದು ನೋಡಿದರು. ಅದು ತೋಳಿನ ಮೇಲೆ ಜಾರಿ ಬಂದಿತ್ತು. "ನನ್ನ ಅಳತೆ ತಪ್ಪಲ್ಲ. ಒಂದೂವರೆ ಇಂಚು ಇಳಿದಿದ್ದೀರಿ. ಬೆನ್ನು ಯಾವಾಗ ಬಗ್ಗಿತು? ಯಾವಾಗ ಇಷ್ಟೊಂದು ಮುದುಕರಾದ್ರಿ, ನನಗೆ ಒಂದು ಮಾತೂ ಹೇಳ್ದೆ?"

ಮಾವ ಕತ್ತು ತಿರುಗಿಸಿ ಜಾರಿದ ಹೊಲಿಗೆಯನ್ನು ನೋಡಿಕೊಂಡರು. ಬೀದಿಯಲ್ಲಿ ಯಾರ ಮೊಣಕಾಲು ಯಾವಾಗ ಕೈಕೊಡುತ್ತದೆ, ಯಾರ ಸೊಂಟ ಎಷ್ಟು ದಿನ ತಾಳುತ್ತದೆ ಎಂದು ಬೆರಳ ತುದಿಯಲ್ಲಿ ಲೆಕ್ಕ ಇಟ್ಟಿದ್ದವರು, ತಮ್ಮನ್ನು ಯಾವ ಪಟ್ಟಿಯಲ್ಲೂ ಸೇರಿಸಿರಲಿಲ್ಲ. ನಾಚಿಕೆಯಾಯಿತು. ಅದರ ಜೊತೆಗೇ ಇಷ್ಟು ಹತ್ತಿರದಿಂದ ಅವಳು ತನ್ನನ್ನು ನೋಡಿ ಎಷ್ಟು ಕಾಲವಾಯಿತು ಎನಿಸಿತು.

"ನಾನಿನ್ನೂ..." ಎಂದು ಶುರುಮಾಡಿದರು.

"ಬಾಯಿ ಮುಚ್ಚಿ. ನನಗೆ ಈಗ ಕಾಣತ್ತೆ" ಎಂದರು ಅತ್ತೆ.

ಆಪರೇಷನ್ ಆದವರನ್ನು ಬಾಗಿಲ ತನಕ ಗಾಲಿಕುರ್ಚಿಯಲ್ಲೇ ಕಳಿಸುವುದು ಅಲ್ಲಿನ ನಿಯಮವಂತೆ. ನರ್ಸು ಒಂದನ್ನು ತಳ್ಳಿಕೊಂಡು ಬಂದು, "ಕೂತ್ಕೊಳ್ಳಿ ಅಮ್ಮ" ಎಂದಳು.

"ನನಗೆ ಯಾಕಮ್ಮ? ನನಗೆ ದಾರಿ ಚೆನ್ನಾಗಿ ಕಾಣ್ತಿದೆ" ಎಂದು ಅತ್ತೆ ಕುರ್ಚಿಯನ್ನು ಗಂಡನ ಕಡೆಗೆ ತಿರುಗಿಸಿದರು. "ಇವರನ್ನ ಕೂರಿಸು. ಒಂದು ತಿಂಗಳಿಂದ ಕೂತಿಲ್ಲ."

ಅಲ್ಲಿದ್ದ ರೋಗಿಗಳೆಲ್ಲ ನೋಡುತ್ತಿದ್ದರು. ಮಾವ ಕುರ್ಚಿಯನ್ನು ನೋಡಿದರು, ಬಾಗಿಲಿಗೆ ಇರುವ ದೂರವನ್ನು ನೋಡಿದರು, ಹೆಂಡತಿಯ ಹೊಸ ಕಣ್ಣನ್ನು ನೋಡಿದರು. ನಿಜ ಹೇಳಬೇಕೆಂದರೆ ಮೊಣಕಾಲು ಎರಡು ವಾರದಿಂದ ನೋಯುತ್ತಿತ್ತು. ನರ್ಸಿನ ಹತ್ತಿರ ಬಾಗಿ, ಮೆಲ್ಲಗೆ, ಇದಕ್ಕೆ ಬಾಡಿಗೆ ಎಷ್ಟು ಎಂದು ಕೇಳಿದರು. ಏನೂ ಇಲ್ಲ ಎಂದು ಅವಳು ಹೇಳಿದ ಮೇಲೆಯೇ ಕೂತರು.